ಹಲ್ಲಿನ ಸೋಂಕು: ಲಕ್ಷಣಗಳು, ಚಿಕಿತ್ಸೆ ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಪಡೆಯುವ ವಿಧಾನ

ಕೆಲವು ದಿನ ತೀವ್ರವಾಗಿ ಕಾಡಿದ ಹಲ್ಲುನೋವು ಇದ್ದಕ್ಕಿದ್ದಂತೆ ನಿಂತುಹೋದಲ್ಲಿ, ರೋಗ ವಾಸಿಯಾಯಿತೆಂದು ಸಾರ್ವಜನಿಕರು ಭಾವಿಸುವುದು ಸಾಮಾನ್ಯ. ಅನೇಕ ಸಂದರ್ಭಗಳಲ್ಲಿ ನೋವು ನಿಲ್ಲುವುದು ಹಲ್ಲಿನೊಳಗಿನ ನರವು ಸತ್ತಿರುವುದರಿಂದ. ಸೋಂಕು ಮಾತ್ರ ಒಳಗೆ ಮುಂದುವರಿಯುತ್ತಲೇ ಇರುತ್ತದೆ.

ಸೋಂಕು ಉಂಟಾಗುವ ಬಗೆ

ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ಮತ್ತು ಪಿಷ್ಟ ಪದಾರ್ಥಗಳನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಹಲ್ಲಿನ ಹೊರಪದರವಾದ ಎನಾಮಲ್ ಮಾನವ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತುವಾದರೂ ಈ ಆಮ್ಲದಲ್ಲಿ ಕ್ರಮೇಣ ಕರಗುತ್ತದೆ. ಎನಾಮಲ್‌ನಲ್ಲಿ ನರಗಳಿಲ್ಲದ ಕಾರಣ ಈ ಹಂತದಲ್ಲಿ ನೋವಿರುವುದಿಲ್ಲ. ಹುಳುಕು ಅದರ ಕೆಳಗಿನ ಡೆಂಟಿನ್ ಪದರವನ್ನು ತಲುಪಿದಾಗ ತಣ್ಣೀರು ಅಥವಾ ಸಿಹಿ ಪದಾರ್ಥ ತಗುಲಿದರೆ ಹಲ್ಲು ಜುಮ್ಮೆನ್ನುತ್ತದೆ. ಚಿಕಿತ್ಸೆಗೆ ಸೂಕ್ತ ಕಾಲ ಇದೇ ಆಗಿದ್ದು, ಹುಳುಕನ್ನು ತೆಗೆದು ಸಿಮೆಂಟ್ ತುಂಬಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹುಳುಕು ನರ ಹಾಗೂ ರಕ್ತನಾಳಗಳಿರುವ ತಿರುಳನ್ನು ತಲುಪಿದಾಗ ತಿರುಳು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಊತಕ್ಕೆ ಸ್ಥಳಾವಕಾಶವಿಲ್ಲ. ಮಲಗಿದಾಗ ಹೆಚ್ಚಾಗುವ, ಕಿವಿ ಮತ್ತು ತಲೆಗೆ ಎಳೆಯುವ ಮಿಡಿತದ ನೋವಿಗೆ ಈ ಒತ್ತಡವೇ ಕಾರಣ. ತಿರುಳು ಸತ್ತ ನಂತರ ಬೇರಿನ ತುದಿಯಲ್ಲಿ ಕೀವು ಸಂಗ್ರಹವಾಗಿ ದವಡೆಯ ಮೂಳೆಯನ್ನು ಕರಗಿಸುತ್ತದೆ. ವಸಡಿನ ಮೇಲೆ ಗುಳ್ಳೆಯೆದ್ದು, ಅದು ಒಡೆದು ಕೀವು ಸೋರುತ್ತಿದ್ದರೆ ನೋವಿಲ್ಲದಿದ್ದರೂ ಸೋಂಕು ಇದೆಯೆಂದೇ ತಿಳಿಯತಕ್ಕದ್ದು.

ಚಿಕಿತ್ಸೆ

ಸೋಂಕಿನ ಮೂಲವನ್ನು ತೆಗೆಯುವುದೇ ಚಿಕಿತ್ಸೆ. ಹಲ್ಲನ್ನು ಉಳಿಸಿಕೊಳ್ಳಲು ಸಾಧ್ಯವಿದ್ದಲ್ಲಿ ಬೇರುನಾಳ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಮಾಡಲಾಗುತ್ತದೆ. ಸತ್ತ ತಿರುಳನ್ನು ತೆಗೆದು, ನಾಳಗಳನ್ನು ಶುಚಿಗೊಳಿಸಿ ಮುಚ್ಚುವ ಈ ವಿಧಾನಕ್ಕೆ ಕೆಲವೊಮ್ಮೆ ಎರಡು ಮೂರು ಭೇಟಿಗಳು ಬೇಕಾಗುತ್ತವೆ. ಮೊದಲ ಭೇಟಿಯಲ್ಲಿಯೇ ನೋವು ಹೋಯಿತೆಂದು ಮಧ್ಯದಲ್ಲಿ ನಿಲ್ಲಿಸಿದರೆ ಸೋಂಕು ಮರುಕಳಿಸುತ್ತದೆ. ಉಳಿಸಲಾಗದ ಹಲ್ಲನ್ನು ಸ್ಥಳೀಯ ಅರಿವಳಿಕೆ ನೀಡಿ ಕೀಳಲಾಗುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಮಂದವಾಗುತ್ತದೆಂಬ ನಂಬಿಕೆ ನಿರಾಧಾರವಾದುದು. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ಪ್ರತಿಜೀವಕ ಮಾತ್ರೆಗಳನ್ನು ಕೊಂಡು ನುಂಗುವ ಅಭ್ಯಾಸದ ಬಗ್ಗೆ ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಸತ್ತ ತಿರುಳಿನಲ್ಲಿ ರಕ್ತಸಂಚಾರವಿರುವುದಿಲ್ಲ. ಆದ್ದರಿಂದ ಔಷಧವು ಸೋಂಕಿನ ಮೂಲವನ್ನು ತಲುಪುವುದೇ ಇಲ್ಲ. ಮುಖದ ಊತ ಅಥವಾ ಜ್ವರವಿದ್ದಾಗ ವೈದ್ಯರು ಇವುಗಳನ್ನು ಹಲ್ಲಿನ ಚಿಕಿತ್ಸೆಯ ಜೊತೆಗೆ ಸೂಚಿಸುತ್ತಾರೆ, ಅದರ ಬದಲಾಗಿ ಅಲ್ಲ. ಮೆಟ್ರೊನಿಡಜೋಲ್ ಸೇವಿಸುತ್ತಿರುವವರು ಮದ್ಯಪಾನ ಮಾಡಬಾರದು.

ವೈದ್ಯರನ್ನು ಕಾಣುವವರೆಗೆ ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ಲವಂಗದ ಎಣ್ಣೆಯಿಂದ ತಾತ್ಕಾಲಿಕ ಉಪಶಮನ ದೊರೆಯಬಹುದು. ಹುಳುಕು ಹಲ್ಲಿಗೆ ಎಕ್ಕದ ಹಾಲು, ಸುಣ್ಣ ಅಥವಾ ಹೊಗೆಸೊಪ್ಪು ತುಂಬುವುದು, ವಸಡಿನ ಮೇಲೆ ಆಸ್ಪಿರಿನ್ ಮಾತ್ರೆ ಇಡುವುದು ಸರಿಯಲ್ಲ. ಇವುಗಳಿಂದ ಬಾಯಿಯ ಒಳಚರ್ಮ ಸುಟ್ಟು ಹುಣ್ಣಾಗುತ್ತದೆ. ಊದಿದ ಕೆನ್ನೆಗೆ ಬಿಸಿ ಶಾಖ ಕೊಡಬಾರದು. ಬೀಜಗಳ ಹೊಗೆ ಹಿಡಿದು ಹಲ್ಲಿನ ಹುಳು ತೆಗೆಯುವುದಾಗಿ ಹೇಳುವವರನ್ನು ನಂಬಬಾರದು. ಹುಳುಕು ಹಲ್ಲಿನಲ್ಲಿ ಹುಳುವೇ ಇರುವುದಿಲ್ಲ.

ತುರ್ತು ಲಕ್ಷಣಗಳು

ಕೆಳದವಡೆಯ ಹಿಂಭಾಗದ ಹಲ್ಲುಗಳ ಸೋಂಕು ನಾಲಿಗೆಯ ಅಡಿಗೂ ಕತ್ತಿಗೂ ಹರಡಿ ಉಸಿರಾಟದ ಮಾರ್ಗವನ್ನು ಒತ್ತಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಎಂದು ಹೆಸರು. ಹೃದಯದ ಆಂಜೈನಾಗೂ ಇದಕ್ಕೂ ಸಂಬಂಧವಿಲ್ಲ. ಪ್ರತಿಜೀವಕಗಳು ಬಳಕೆಗೆ ಬರುವ ಮುನ್ನ ಇದಕ್ಕೆ ತುತ್ತಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮರಣ ಹೊಂದುತ್ತಿದ್ದರು. ಇಂದಿಗೂ ತಡವಾದಲ್ಲಿ ಪ್ರಾಣಾಪಾಯವಿದೆ. ಗದ್ದದ ಕೆಳಗೆ ಗಟ್ಟಿಯಾದ ಊತ, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು, ಧ್ವನಿ ಬದಲಾಗುವುದು, ಉಸಿರಾಟದ ತೊಂದರೆ, ಊತ ಕಣ್ಣಿನವರೆಗೆ ಏರುವುದು, ಇವುಗಳಲ್ಲಿ ಯಾವುದೊಂದು ಕಂಡುಬಂದರೂ ಬೆಳಗಾಗುವವರೆಗೆ ಕಾಯದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಿ ಆಸ್ಪತ್ರೆಗೆ ತೆರಳತಕ್ಕದ್ದು. ಇಂತಹ ರೋಗಿಯನ್ನು ಅಂಗಾತ ಮಲಗಿಸದೆ ಕುಳ್ಳಿರಿಸಿಯೇ ಕರೆದೊಯ್ಯಬೇಕು.

ಸೇವೆ ಪಡೆಯುವ ವಿಧಾನ

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಹೊರರೋಗಿ ಚೀಟಿ ಪಡೆದು ದಂತ ವೈದ್ಯರನ್ನು ಕಾಣಬಹುದಾಗಿದೆ. ಹೆಚ್ಚಿನ ಚಿಕಿತ್ಸೆಯ ಅಗತ್ಯವಿದ್ದವರನ್ನು ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಿಗೆ ಕಳುಹಿಸಿಕೊಡಲಾಗುತ್ತದೆ. ಹಳೆಯ ಔಷಧ ಚೀಟಿಗಳನ್ನು ಜೊತೆಯಲ್ಲಿ ತರುವುದು.

ಮಧುಮೇಹ, ಹೃದಯ ಕವಾಟದ ತೊಂದರೆ ಅಥವಾ ಔಷಧದ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರು ಹೆರಿಗೆಯವರೆಗೆ ನೋವನ್ನು ಸಹಿಸಿಕೊಂಡಿರಬೇಕಾಗಿಲ್ಲ. ತಾವು ಗರ್ಭಿಣಿಯೆಂದು ತಿಳಿಸಿದಲ್ಲಿ ಅದಕ್ಕೆ ತಕ್ಕ ಔಷಧ ಹಾಗೂ ಚಿಕಿತ್ಸೆ ನೀಡಲಾಗುತ್ತದೆ.