ಮಿಂಬನ್‌ನ ಲೇಯಾ, ಬಳ್ಳಿಗಾವಿಯ ಅಲ್ಲಮ: ‘ರದ್ದಾದ’ ಕಥೆಯ ಓದು

ಜನಪ್ರಿಯ ಚಿತ್ರಸರಣಿಯನ್ನು ನೆಚ್ಚಿ ಬರುವ ಕಾದಂಬರಿಯನ್ನು ಸಿನಿಮಾದ ನೆರಳೆಂದೇ ಬಗೆಯುವುದು ರೂಢಿ. ‘ಸ್ಟಾರ್ ವಾರ್ಸ್’ ಮಟ್ಟಿಗೆ ಕಾಲಕ್ರಮವೇ ಇದಕ್ಕೆ ಎದುರಾಗುತ್ತದೆ. ಜಾರ್ಜ್ ಲ್ಯೂಕಾಸ್ ಹೆಸರಿನಲ್ಲಿ ಅಲನ್ ಡೀನ್ ಫಾಸ್ಟರ್ ಬರೆದ ಕಾದಂಬರಿ 1976ರ ಕೊನೆಗೇ ಅಚ್ಚಾಗಿತ್ತು. ಚಿತ್ರ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ಇಷ್ಟರಲ್ಲಿ ವಿವಾದವಿಲ್ಲ.

ತಕರಾರು ಫಾಸ್ಟರ್‌ನ ‘ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ’ (1978) ಕುರಿತದ್ದು. ಮೊದಲ ಚಿತ್ರ ಗೆಲ್ಲದಿದ್ದರೆ ಕಡಿಮೆ ಖರ್ಚಿನಲ್ಲಿ ತೆಗೆಯಬಹುದಾದ ಮುಂದಿನ ಭಾಗವಿರಲೆಂದು ಬರೆಸಿದ ಕಥೆಯಿದು. ಕಥೆ ನಡೆಯುವ ಮಿಂಬನ್ ಗ್ರಹಕ್ಕೆ ಅಷ್ಟು ಮಂಜು ಕವಿದದ್ದು ಆ ಕಾರಣಕ್ಕೇ. ಇದರಲ್ಲಿ ನಾಯಕ ಲ್ಯೂಕ್ ಮತ್ತು ರಾಜಕುಮಾರಿ ಲೇಯಾ ನಡುವೆ ಒಲವಿನ ಸುಳಿವಿದೆ. 1983ರ ಚಿತ್ರ ಅವರನ್ನು ಒಡಹುಟ್ಟಿದವರೆಂದಿತು. 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಹಳೆಯ ಕಾದಂಬರಿಗಳನ್ನು ‘ಲೆಜೆಂಡ್ಸ್’ ಎಂದು ಪಕ್ಕಕ್ಕಿಟ್ಟಿತು. ಹಾಗಾಗಿ ಇದು ಅಸಿಂಧುವಾದ ಕಥೆ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ.

ನಂತರದ ಕಥೆ ಬಂದಮಾತ್ರಕ್ಕೆ ಹಿಂದಿನದು ರದ್ದಾಗುವುದಿಲ್ಲ ಎಂಬುದಕ್ಕೆ ಸೊರಬ, ಶಿಕಾರಿಪುರ ಸೀಮೆಯಲ್ಲೇ ಒಂದು ನಿದರ್ಶನವಿದೆ. ಬಳ್ಳಿಗಾವಿಯ ಅಲ್ಲಮ ಹರಿಹರನ ರಗಳೆಯಲ್ಲಿ ಕಾಮಲತೆಗೆ ಒಲಿಯುತ್ತಾನೆ. ಅವಳು ತೀರಿಕೊಂಡಾಗ ಮರುಳನಂತೆ ಅಲೆದು, ಕಡೆಗೆ ಗುರು ಅನಿಮಿಷನಿಂದ ಲಿಂಗ ಪಡೆಯುತ್ತಾನೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಬನವಾಸಿಯಲ್ಲಿ ಮದ್ದಳೆ ನುಡಿಸುವ ಅಲ್ಲಮ ಮಾಯೆಯ ಕೈಗೆ ಸಿಕ್ಕುವವನೇ ಅಲ್ಲ. ಒಂದನ್ನು ನಂಬಿದರೆ ಇನ್ನೊಂದು ನಿಲ್ಲದು. ಆದರೂ ಚಾಮರಸ ಬಂದನೆಂದು ಹರಿಹರನ ಅಲ್ಲಮನ ದುಃಖ ಸುಳ್ಳಾಗಲಿಲ್ಲ. ಕನ್ನಡದ ಓದು ಎರಡನ್ನೂ ಉಳಿಸಿಕೊಂಡಿದೆ.

ಫಾಸ್ಟರ್‌ನ ಕೊನೆಯ ಅಧ್ಯಾಯವನ್ನು ಹೀಗೆ ಓದಬೇಕು. ಲ್ಯೂಕ್ ಬಂಡೆಯಡಿ ಸಿಲುಕಿದಾಗ ಬೆಳಕಿನ ಕತ್ತಿ ಹಿಡಿದು ಖಳನಾಯಕ ವೇಡರ್‌ನನ್ನು ಎದುರಿಸುವವಳು ಲೇಯಾ. ಮೊದಲ ಮೂರು ಚಿತ್ರಗಳಲ್ಲಿ ಎಲ್ಲಿಯೂ ಅವಳ ಕೈಗೆ ಆ ಕತ್ತಿ ಬರುವುದಿಲ್ಲ. ನನ್ನ ವಾದ ಇಷ್ಟು: ಮುಂದಿನ ಚಿತ್ರಗಳ ತೀರ್ಪನ್ನು ಬದಿಗಿಟ್ಟರೆ ಮಾತ್ರ ಈ ಲೇಯಾ ಪೂರ್ತಿಯಾಗಿ ಕಾಣುತ್ತಾಳೆ. ಅಂದಮಾತ್ರಕ್ಕೆ ಕಾದಂಬರಿ ಚಿತ್ರಕ್ಕಿಂತ ಮೇಲೆಂದಾಗಲಿ, ಫಾಸ್ಟರ್‌ ಹರಿಹರನಿಗೆ ಸಮನೆಂದಾಗಲಿ ಅಲ್ಲ. ಹರಿಹರ, ಚಾಮರಸರದು ತಂತಮ್ಮ ಭಕ್ತಿಯ ಕಾಣ್ಕೆ. ಫಾಸ್ಟರ್‌ನದು ಒಪ್ಪಂದದ ಬರಹ. ಅಲ್ಲಮನ ಕಥೆಗೆ ಒಡೆಯರಿಲ್ಲ, ಲೇಯಾಳ ಕಥೆಗೆ ಇದ್ದಾರೆ. ಹೋಲಿಕೆ ಓದುವ ಕ್ರಮದ್ದು, ಕೃತಿಗಳ ಯೋಗ್ಯತೆಯದ್ದಲ್ಲ.

ಒಡೆತನವಿರುವ ಕಥೆಯಲ್ಲಿ ಓದುಗರ ಈ ಸ್ವಾತಂತ್ರ್ಯ ಎಲ್ಲಿಯವರೆಗೆ ಸಲ್ಲುತ್ತದೆ? ಈ ಒಂದೇ ಕೃತಿಯಿಂದ ಅದನ್ನು ತೀರ್ಮಾನಿಸಲಾಗದು. 1991ರಲ್ಲಿ ಟಿಮೊತಿ ಝಾನ್‌ ಆರಂಭಿಸಿದ ‘ಸ್ಟಾರ್ ವಾರ್ಸ್’ ಕಾದಂಬರಿ ಸರಣಿಯನ್ನೂ ಇದೇ ಕ್ರಮದಲ್ಲಿ ಓದಿ ನೋಡಬೇಕಿದೆ.