ಹೊಸ್ತಿಲಲ್ಲಿ ಉಳಿದ ಹೆಸರುಗಳು

ಇಂಗ್ಲೆಂಡಿನ ಯಾವುದೇ ನಡುತರದ ಊರಿನ ಪೇಟೆಬೀದಿಯಲ್ಲಿ, ಅಂಗಡಿಗಳ ನೆತ್ತಿಯ ಮೇಲೆ ಹೊಳೆಯುವ ಬೋರ್ಡುಗಳಿಂದ ದೃಷ್ಟಿಯನ್ನು ತುಸು ಮೇಲಕ್ಕೆತ್ತಿ ಮಹಡಿಯ ಗೋಡೆಯನ್ನೋ, ತುಸು ಕೆಳಗಿಳಿಸಿ ಬಾಗಿಲ ಬುಡವನ್ನೋ ನೋಡುವ ವ್ಯವಧಾನವುಳ್ಳವನಿಗೆ, ಅಲ್ಲಿ ಈಗ ವ್ಯಾಪಾರ ಮಾಡುತ್ತಿರುವವರದಲ್ಲದ ಮತ್ತೊಂದು ಹೆಸರು ಕಣ್ಣಿಗೆ ಬೀಳುವುದುಂಟು. ಒಳಗೆ ಮಾರುತ್ತಿರುವುದು ಮೊಬೈಲು ಫೋನು. ಗೋಡೆಯಲ್ಲಿ ಕೆತ್ತಿರುವುದು ದರ್ಜಿಯ ಹೆಸರು. ದತ್ತಿಯು ಆಚಂದ್ರಾರ್ಕವಾಗಿ ನಡೆಯಲೆಂದು ನಮ್ಮ ಶಾಸನಗಳು ಹಾರೈಸಿದಂತೆಯೇ ಈ ವರ್ತಕರೂ ತಮ್ಮ ವ್ಯಾಪಾರಕ್ಕೆ ಹಾರೈಸಿಕೊಂಡಿದ್ದರೋ ಏನೋ. ಅಂತೂ ದತ್ತಿ ಹೋಗಿ ಶಾಸನ ಉಳಿದಿದೆ.

ಹೀಗೆ ಉಳಿದವರಲ್ಲಿ ಮಾಂಟೇಗ್ ಬರ್ಟನ್ನನಿಗೆ ಅಗ್ರಸ್ಥಾನ ಸಲ್ಲತಕ್ಕದ್ದು. 1885ರಲ್ಲಿ ಲಿಥುವೇನಿಯದ ಯೆಹೂದಿ ಮನೆತನದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಇಂಗ್ಲೆಂಡಿಗೆ ಬಂದ ಈತನು 1952ರಲ್ಲಿ ತೀರಿಕೊಂಡಾಗ 600ಕ್ಕೂ ಮಿಕ್ಕ ಬಟ್ಟೆಯಂಗಡಿಗಳ ಒಡೆಯನಾಗಿದ್ದನು. ಗಿರಾಕಿಯು ತನ್ನೂರಿನ ಅಂಗಡಿಯಲ್ಲಿ ಅಳತೆ ಕೊಟ್ಟರೆ ಸಾಕು, ಲೀಡ್ಸ್ ನಗರದ ಹಡ್ಸನ್ ರಸ್ತೆಯ ಮಹಾಕಾರ್ಖಾನೆಯಲ್ಲಿ ಸೂಟು ಸಿದ್ಧವಾಗಿ ಅದೇ ಅಂಗಡಿಗೆ ಬರುತ್ತಿತ್ತು. ಗುಮಾಸ್ತನೂ ಕಾರ್ಮಿಕನೂ ದೊಡ್ಡಮನುಷ್ಯರಂತೆ ಅಳತೆಯ ಉಡುಪು ತೊಡುವಂತಾದದ್ದು ಸಣ್ಣ ಸಂಗತಿಯೇನಲ್ಲ. ಕಟ್ಟಡಗಳಾದರೋ ಮೂಲೆನಿವೇಶನಗಳಲ್ಲಿ ಗಂಭೀರವಾಗಿ ನಿಂತಂಥವು. ಕೆಲವದರ ಕಂಬಗಳ ತಲೆಯಲ್ಲಿ ಆನೆಯ ಮುಖಗಳೂ ಉಂಟು. ಮಹಡಿಯನ್ನು ಎಷ್ಟೋ ಕಡೆ ಬಿಲಿಯರ್ಡ್ಸ್ ಆಟದ ಮನೆಗೆ ಬಾಡಿಗೆಗೆ ಕೊಡುತ್ತಿದ್ದರು.

ಈ ಅಂಗಡಿಗಳ ಬುಡದಲ್ಲಿ ಬಗ್ಗಿ ನೋಡಬೇಕು. ಗಾಜಿನ ಕಿಟಕಿಯ ಕೆಳಗೆ, ನೆಲಮಾಳಿಗೆಗೆ ಗಾಳಿಯಾಡಲೆಂದು ಇಟ್ಟ ಲೋಹದ ಜಾಲರಿಯಲ್ಲಿ ಒಡೆಯನ ಹೆಸರಿನ ಅಕ್ಷರಗಳೇ ಸರಳುಗಳಾಗಿರುವುದುಂಟು. ಪ್ರವೇಶದ್ವಾರದ ನೆಲದಲ್ಲಿ ಚಿಕ್ಕ ಚಿಕ್ಕ ಕಲ್ಲುಹರಳುಗಳನ್ನು ಹೊಂದಿಸಿ ಅದೇ ಹೆಸರನ್ನು ಮತ್ತೆ ಬರೆದಿರುವುದುಂಟು. ಹೊಸ್ತಿಲನ್ನು ಮೆಟ್ಟಬೇಡವೆಂದು ಅಜ್ಜಿಯಿಂದ ಗದರಿಸಿಕೊಂಡು ಬೆಳೆದ ನಮಗೆ, ತನ್ನ ಹೆಸರನ್ನು ತಾನೇ ಬಾಗಿಲಲ್ಲಿ ಹಾಸಿ ಸಹಸ್ರ ಜನರ ಪಾದರಕ್ಷೆಗೆ ಒಪ್ಪಿಸಿದ ಈ ಕ್ರಮ ವಿಚಿತ್ರವಾಗಿ ತೋರೀತು. ಗೋಡೆಯ ತಳದಲ್ಲಿರುವುದು ಅಡಿಗಲ್ಲು. ಇಂಥ ವರ್ಷದಲ್ಲಿ ಈ ಕಲ್ಲನ್ನಿಟ್ಟವರು ಇಂಥವರೆಂದು ಬರ್ಟನ್ನನ ಗಂಡುಮಕ್ಕಳಾದ ಸ್ಟ್ಯಾನ್ಲಿ, ರೇಮಂಡ್, ಆರ್ನಾಲ್ಡ್ ಇವರ ಹೆಸರುಗಳನ್ನೂ ಮಗಳು ಬಾರ್ಬರಳ ಹೆಸರನ್ನೂ ಊರೂರಿನಲ್ಲಿ ಕೆತ್ತಿಸಿದ್ದಾರೆ. ತಂದೆಯ ವ್ಯಾಪಾರಬುದ್ಧಿಯಲ್ಲಿ ವಾತ್ಸಲ್ಯವು ಎಷ್ಟು ಪಾಲು ಬೆರೆತಿತ್ತೆಂಬುದನ್ನು ಅಳೆಯುವ ತಕ್ಕಡಿ ನನ್ನಲ್ಲಿಲ್ಲ.

ಉಳಿದವುಗಳು ಉಳಿದುದಕ್ಕೆ ಕಾರಣ ಭಕ್ತಿಯಲ್ಲ, ಖರ್ಚು. ಕಣ್ಣಿನೆತ್ತರದ ಬೋರ್ಡು ಹೊಸ ಬಾಡಿಗೆದಾರನಿಗೆ ಬೇಕಾದ ಜಾಗ. ಹಳೆಯದನ್ನು ಮೊದಲ ದಿನವೇ ಬಿಚ್ಚುತ್ತಾನೆ, ಇಲ್ಲವೆ ಅದರ ಮೇಲೆಯೇ ತನ್ನದನ್ನು ಜಡಿಯುತ್ತಾನೆ. ಕಲ್ಲನ್ನು ಕೆತ್ತಿ ತೆಗೆಯಲು, ಹೊಸ್ತಿಲನ್ನು ಅಗೆಯಲು ಹಣ ಬೇಕು. ಆ ಹೆಸರಿನಿಂದ ಅವನಿಗೆ ನಷ್ಟವಂತೂ ಇಲ್ಲ. ಬೋರ್ಡಿನ ಬಿಡಿ ಅಕ್ಷರಗಳನ್ನು ಕಿತ್ತ ಮೇಲೂ, ಅವುಗಳ ಮರೆಯಲ್ಲಿ ಮಳೆ ಮಸಿಗಳು ತಾಗದೆ ಉಳಿದ ಗೋಡೆಯು ಆ ಹೆಸರನ್ನು ತಿಳಿಬಣ್ಣದಲ್ಲಿ ಕೆಲಕಾಲ ತೋರಿಸುತ್ತಿರುತ್ತದೆ.

ವುಲ್‌ವರ್ತ್ ಅಂಗಡಿಗಳ ಕಥೆಯಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಅಮೆರಿಕದ ಫ್ರಾಂಕ್ ವುಲ್‌ವರ್ತ್ 1909ರ ನವೆಂಬರಿನಲ್ಲಿ ಲಿವರ್‌ಪೂಲಿನಲ್ಲಿ ಬ್ರಿಟನ್ನಿನ ತನ್ನ ಮೊದಲ ಅಂಗಡಿಯನ್ನು ತೆರೆದಾಗ, ಯಾವ ಸರಕಿನ ಬೆಲೆಯೂ ಆರು ಪೆನ್ಸ್ ಮೀರದು ಎಂಬುದೇ ಅದರ ಆಕರ್ಷಣೆಯಾಗಿತ್ತು. ಮೂರು ಪೆನ್ಸ್, ಆರು ಪೆನ್ಸ್ ಎಂಬ ದರಗಳೇ ಕೆಂಪು ಬೋರ್ಡಿನಲ್ಲಿ ಸುವರ್ಣಾಕ್ಷರಗಳಾಗಿ ಮೆರೆದವು. ಎರಡನೆಯ ಮಹಾಯುದ್ಧದ ಬೆಲೆಯೇರಿಕೆಯಲ್ಲಿ ಆ ಮಿತಿ ಮುರಿಯಿತು. 2008ರ ಕೊನೆಯಲ್ಲಿ ಸಂಸ್ಥೆಯೇ ಮುರಿದುಬಿದ್ದು, ಉಳಿದಿದ್ದ 807 ಅಂಗಡಿಗಳೂ 2009ರ ಜನವರಿ 6ರೊಳಗೆ ಮುಚ್ಚಿ, ಸುಮಾರು 27,000 ಮಂದಿ ಕೆಲಸ ಕಳೆದುಕೊಂಡರು. ಅಂಥ ಕೆಲವು ಕಟ್ಟಡಗಳಿಗೆ ವಿಲ್ಕೋ ಎಂಬ ಮತ್ತೊಂದು ಅಗ್ಗದಂಗಡಿ ಬಂದಿತು; ಅದೂ 2023ರಲ್ಲಿ ದಿವಾಳಿಯೆದ್ದು ಬೋರ್ಡು ಇಳಿಸಿತು. ಹೀಗೆ ಎರಡು ಸಲ ಹೆಸರು ಕಳೆದುಕೊಂಡ ಗೋಡೆಗಳಲ್ಲಿಯೂ ಅಲ್ಲಲ್ಲಿ, ಮಹಡಿಯ ಎತ್ತರದಲ್ಲಿ, ವಜ್ರಾಕೃತಿಯ ಚೌಕಟ್ಟಿನೊಳಗೆ ವುಲ್‌ವರ್ತಿನ ಮೊದಲಕ್ಷರ ಇಂದಿಗೂ ಇದೆ.

ಬರ್ಟನ್ ಎಂಬ ಹೆಸರು 2021ರಲ್ಲಿ ಅಂತರ್ಜಾಲದ ವ್ಯಾಪಾರಿಗಳಿಗೆ ಮಾರಾಟವಾಯಿತು. ಅಂಗಡಿಗಳು ಆ ಮಾರಾಟದಲ್ಲಿ ಸೇರಿರಲಿಲ್ಲ. ಮಗಳನ್ನೋ ಮಗನನ್ನೋ ನೋಡಲೆಂದು ಆ ದೇಶಕ್ಕೆ ಹೋಗುವ ನಮ್ಮವರು, ಪೇಟೆಯಲ್ಲಿ ಅವರಿಗಾಗಿ ಕಾಯುತ್ತ ನಿಲ್ಲುವ ಪ್ರಸಂಗ ಬಂದಾಗ, ಹತ್ತಿರದ ಮೂಲೆಯಂಗಡಿಯ ಗೋಡೆಯ ಬುಡವನ್ನು ಒಮ್ಮೆ ನೋಡಿ ಬರಬೇಕು.