ಬಾದಾಮಿಯಿಂದ ಕೂಡಲಸಂಗಮಕ್ಕೆ

ಬಾದಾಮಿಯಿಂದ ಶಿವಯೋಗಮಂದಿರ, ಪಟ್ಟದಕಲ್ಲು, ಐಹೊಳೆಗಳ ಮಾರ್ಗವಾಗಿ ಕೂಡಲಸಂಗಮಕ್ಕೆ ಸಾಗುವ ಯಾತ್ರಿಕರು ಗುಡಿಗಳನ್ನು ಎಣಿಸುತ್ತಾರೆ. ಗುಡಿಗಳಿಗೆ ಒಡಲಾದ ಕಲ್ಲನ್ನು ನೋಡುವವರು ವಿರಳ. ಸ್ಥಾವರವನ್ನು ಶರಣರು ಒಪ್ಪಲಿಲ್ಲವೆಂದು ಕಲ್ಲಿಗೇ ಕಣ್ಣು ಮುಚ್ಚುವುದು ವಚನಗಳ ಸರಿಯಾದ ಓದಲ್ಲ.

ಈ ಕೆಂಪು ಮರಳುಗಲ್ಲು ಒಂದು ಕಾಲಕ್ಕೆ ನೀರು ಹೊತ್ತು ತಂದು ಹಾಸಿದ ಮರಳೇ ಆಗಿದ್ದಿತು. ಬಾದಾಮಿಯ ಬಂಡೆಗಳ ಮೈಯಲ್ಲಿ ಓರೆಯಾಗಿ ಕಾಣುವ ಪದರಗಳು ಆ ಹರಿವಿನ ಗುರುತುಗಳು. ನೆಲದ ಮೇಲೆ ಹುಲ್ಲುಕಡ್ಡಿಯೂ ಹುಟ್ಟದಿದ್ದ ಯುಗದ ಆ ಬರಹವನ್ನು ಕ್ರಮವಾಗಿ ಓದಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖನು. ಆತನ ಗ್ರಂಥ 1876ರಲ್ಲಿ ಅಚ್ಚಾಯಿತು. ಇಂಥ ಕಲ್ಲು ಉಳಿಗೆ ಬೇಗ ಒಲಿಯುತ್ತದೆ. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟವನ್ನೇ ದುರ್ಗವಾಗಿಸಿದನು. 578ರ ಶಾಸನವುಳ್ಳ ವಿಷ್ಣುಗೃಹವನ್ನು ಮಂಗಲೇಶನು ಇದರಲ್ಲಿಯೇ ಕೊರೆಯಿಸಿದನು. ಒಲಿಯುವ ಕಲ್ಲು ಸವೆಯುವುದೂ ಬೇಗ. ಮಳೆಗಾಳಿಗೆ ಒಡ್ಡಿಕೊಂಡ ಮೂರ್ತಿಗಳೇ ಇದಕ್ಕೆ ಸಾಕ್ಷಿ.

1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಶಿವಯೋಗಮಂದಿರವನ್ನು ಸ್ಥಾಪಿಸಿದ್ದು ಇದೇ ಮಲಪ್ರಭೆಯ ದಡದಲ್ಲಿ. ಮುಂದೆ ಸಿಗುವ ಐಹೊಳೆ ಇಂದು ಚಿಕ್ಕ ಊರು. ಆದರೆ ದಕ್ಷಿಣಾಪಥದಾದ್ಯಂತ ವ್ಯಾಪಾರ ನಡೆಸಿದ ಐನೂರ್ವರು ತಮ್ಮ ಹೆಸರಿನೊಡನೆ ಹೊತ್ತೊಯ್ದುದು ಈ ಅಯ್ಯಾವೊಳೆಯನ್ನೇ. ದುರ್ಗಗುಡಿಯನ್ನು ಕಂಡು ಮರಳುವವರು ಮೇಗುತಿ ಬೆಟ್ಟವನ್ನೂ ಏರಬೇಕು. ಅಲ್ಲಿ 634ರ ರವಿಕೀರ್ತಿಯ ಶಾಸನವಿದೆ; ಅದಕ್ಕೂ ಬಹು ಹಿಂದಿನ ಜನರ ಕಲ್ಗೋರಿಗಳೂ ಇವೆ.

ಕಡೆಗೆ ಕೃಷ್ಣೆಯನ್ನು ಮಲಪ್ರಭೆ ಕೂಡುವ ಸಂಗಮ. ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನಿಂದ ಬಸವಣ್ಣನವರ ಐಕ್ಯಸ್ಥಳವು ಮುಳುಗದಂತೆ ಸುತ್ತಲೂ ಬಾವಿಯಾಕಾರದ ಗೋಡೆಯನ್ನು ಎತ್ತಲಾಗಿದೆ. ಭಕ್ತರು ಮೆಟ್ಟಿಲಿಳಿದು, ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಕೈಮುಗಿಯುತ್ತಾರೆ.